ತೊಟ್ಟಿಕ್ಕಿದಲ್ಲೇ ತೂತಿಲ್ಲ

"ಏನೇನ್ ಹಾಕ್ಸಿದೀರ ಸಾರ್ ಇದಕ್ಕೆ?"

ಬಾನೆಟ್ ಎತ್ತಿದೊಡನೆ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ ಇದು. ಆಯಿಲ್ ಎಲ್ಲಿ ಸೋರುತ್ತಿದೆ, ಯಾವಾಗಿನಿಂದ, ಗಾಡಿ ನಿಂತಾಗಲೋ ಓಡುವಾಗಲೋ ಎಂದು ಒಂದು ಮಾತೂ ಕೇಳಲಿಲ್ಲ. ಹೊಳೆಯುತ್ತಿದ್ದ ಹೊಸ ಭಾಗಗಳನ್ನು ಕಣ್ಣಲ್ಲೇ ಎಣಿಸಿದರು. ಮೂರಿದ್ದವು. "ಅದಕ್ಕೇ ಮತ್ತೆ" ಎಂದು ಬಾನೆಟ್ ಇಳಿಸಿದರು.

ಅದೇ ವಾರ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿಯವರು ಹೊಸ ಭಾಗಗಳ ಕಡೆ ತಿರುಗಿಯೂ ನೋಡಲಿಲ್ಲ, ಆರ್.ಸಿ.ಯಲ್ಲಿ ವರ್ಷ ನೋಡಿದರು. "ಇಪ್ಪತ್ತು ವರ್ಷದ ಗಾಡಿ ಸಾರ್, ರಬ್ಬರೆಲ್ಲ ಕಲ್ಲಾಗಿರುತ್ತೆ. ಗ್ಯಾಸ್ಕೆಟ್ ಸೆಟ್ ಪೂರಾ ಬದಲಾಯಿಸಿಬಿಡೋಣ."

ಇಬ್ಬರೂ ಕೈ ಪಳಗಿದವರು. ಇಬ್ಬರ ಮಾತಿನಲ್ಲೂ ಅನುಭವವಿತ್ತು. ಆದರೆ ಇಬ್ಬರೂ ಓದಿದ್ದು ಗಾಡಿಯ ಜಾತಕವನ್ನು. ಒಬ್ಬರು ಅದರ ಕೊನೆಯ ಪುಟ, ಇನ್ನೊಬ್ಬರು ಮೊದಲ ಪುಟ. ಎಂಜಿನ್ನಿನ ಕೆಳಗೆ ತಲೆ ಹಾಕಿ ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ನೋಡಿದವರು ಯಾರೂ ಇಲ್ಲ. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಬಿಚ್ಚುವುದಕ್ಕೆ ಕೂಲಿ ಇದೆ, ಬದಲಿಸುವುದಕ್ಕೆ ಕೂಲಿ ಇದೆ, ನೋಡುವುದಕ್ಕೆ ಇಲ್ಲ. ಕೂಲಿ ಇಲ್ಲದ ಕೆಲಸವನ್ನು ಯಾರು ತಾನೇ ಮಾಡುತ್ತಾರೆ? ಊಹೆಯನ್ನು ಪುಕ್ಕಟೆ ಕೊಡುತ್ತಾರೆ, ಅದರ ಬೆಲೆಯನ್ನು ಬಿಡಿಭಾಗಗಳಲ್ಲಿ ವಸೂಲು ಮಾಡುತ್ತಾರೆ. ಇದರಲ್ಲಿ ಮೆಕ್ಯಾನಿಕ್‌ಗಳಿಗಿಂತ ನಮ್ಮಂಥ ಗಿರಾಕಿಗಳ ಪಾಲೇ ದೊಡ್ಡದು.

ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ಜಪಾನಿ ಮೂಲದ್ದು, ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್. ನನ್ನ ಕೈಗೆ ಬರುವಷ್ಟರಲ್ಲಿ ಇಬ್ಬರ ಕೈ ದಾಟಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪು ಅವರದಾಗಿರಲಿಲ್ಲ. ಒಂದೇ ಭಾನುವಾರ ಮೂರು ಭಾಗ ಹಾಕಿಸಿದೆ. ಮೂಲದ ಪ್ಲಾಸ್ಟಿಕ್ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು ತೆರೆದ ಕೋನ್ ಫಿಲ್ಟರು, ಅದಕ್ಕೊಂದು ಅಲ್ಯೂಮಿನಿಯಂ ಪೈಪು. ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದ್ದ ಕಡೆ ಸ್ಟೀಲ್ ಕೊಳವೆಗಳ ಹೆಡರು. ಆಯಿಲ್ ಒತ್ತಡ ತೋರಿಸುವ ಗೇಜು. ಮೂಲದ ಸ್ವಿಚ್ಚು ಮತ್ತು ಗೇಜಿನ ಸೆನ್ಸರು ಎರಡಕ್ಕೂ ಜಾಗವಾಗಲೆಂದು ಇಂಗ್ಲಿಷಿನ ಟೀ ಅಕ್ಷರದ ಆಕಾರದ ಒಂದು ಹಿತ್ತಾಳೆ ಅಡಾಪ್ಟರು. ಮನೆಯಲ್ಲಿ ಹೇಳಿದ ಕಾರಣ ಮೈಲೇಜು. ನಿಜವಾದ ಕಾರಣ ಸದ್ದು. ಮೂರನ್ನೂ ಒಂದೇ ದಿನ ಹಾಕಿಸಿದ್ದು ನನ್ನ ಮೊದಲ ಮೂರ್ಖತನ. ಒಂದೊಂದಾಗಿ ತಿಂಗಳ ಅಂತರದಲ್ಲಿ ಹಾಕಿಸಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಹನ್ನೊಂದನೆಯ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟೆಣ್ಣೆಯ ವಾಸನೆ ಬಂತು. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಹಾಸಿದ ರಟ್ಟಿನ ಮೇಲೆ ಎರಡು ಕಲೆ. ಒಂದು ಅಂಗೈಯಗಲ, ಇನ್ನೊಂದು ರೂಪಾಯಿ ನಾಣ್ಯದಷ್ಟು.

ಭಾಗ ಹಾಕಿದ ಮೇಲೆ ಸೋರಿತು, ಆದ್ದರಿಂದ ಭಾಗದಿಂದಲೇ ಸೋರಿತು. ಈ ತರ್ಕಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಎಲ್ಲರಿಗೂ ಗೊತ್ತು. ಕಾಗೆ ಬಂದು ಕೂತ ಗಳಿಗೆಗೇ ತಾಳೆಹಣ್ಣು ಬಿತ್ತು. ಕಾಗೆಯ ಭಾರಕ್ಕೆ ಬಿತ್ತೆಂದು ಕೆಳಗಿದ್ದವನು ತಿಳಿದ. ಕಾಕತಾಳೀಯ ಎಂಬ ಪದವನ್ನು ನಾವು ಈಗ 'ಆಕಸ್ಮಿಕ' ಎಂಬ ಅರ್ಥದಲ್ಲಿ ಸವೆಸಿಬಿಟ್ಟಿದ್ದೇವೆ. ಅದರೊಳಗಿನ ಎಚ್ಚರಿಕೆ ಮರೆತುಹೋಗಿದೆ. ಹಾಗೆಂದು ಕಾಗೆಯನ್ನು ಕೂಡಲೇ ಬಿಡುಗಡೆ ಮಾಡುವುದೂ ಸರಿಯಲ್ಲ. ಕೆಲವೊಮ್ಮೆ ಕಾಗೆಯ ಭಾರಕ್ಕೇ ಹಣ್ಣು ಬೀಳುತ್ತದೆ. ನಿನ್ನೆ ಕೈ ಹಾಕಿದ ಕಡೆ ಇಂದು ತೊಂದರೆ ಬಂದರೆ ಆ ಕೈಯನ್ನು ಶಂಕಿಸುವುದು ನ್ಯಾಯವೇ. ಶಂಕೆ ಹುಡುಕಾಟಕ್ಕೆ ದಿಕ್ಕು ಕೊಟ್ಟರೆ ಒಳ್ಳೆಯದು; ಹುಡುಕಾಟವನ್ನೇ ನಿಲ್ಲಿಸಿಬಿಟ್ಟರೆ ಕೆಟ್ಟದ್ದು. ಮೊದಲ ಮೇಸ್ತ್ರಿಯ ತಪ್ಪು ಶಂಕಿಸಿದ್ದರಲ್ಲಿಲ್ಲ, ಬಾನೆಟ್ ಇಳಿಸಿದ್ದರಲ್ಲಿದೆ.

ಇನ್ನೊಂದು ಸೂಕ್ಷ್ಮವಿದೆ. 'ಆಮೇಲೆ ಸೋರಿತು' ಎನ್ನುವಾಗ ನಮಗೆ ನಿಜವಾಗಿ ಗೊತ್ತಿರುವುದು 'ಆಮೇಲೆ ಗೊತ್ತಾಯಿತು' ಎಂಬುದಷ್ಟೇ. ಹಳೆಯ ಕಬ್ಬಿಣದ ಮ್ಯಾನಿಫೋಲ್ಡಿನ ಮೇಲೆ ಶಾಖ ತಡೆಯುವ ತಗಡಿನ ಹೊದಿಕೆ ಇತ್ತು. ಮೇಲಿನಿಂದ ಒಂದು ಹನಿ ಬಿದ್ದರೆ ಆ ತಗಡಿನ ಮೇಲೆ ಸದ್ದಿಲ್ಲದೆ ಒಣಗಿ ಕಪ್ಪು ಹಕ್ಕಳೆಯಾಗುತ್ತಿತ್ತು. ಹೊಸ ಹೆಡರಿಗೆ ಹೊದಿಕೆಯೇ ಇಲ್ಲ. ಅದೇ ಹನಿ ಬರಿಯ ಬಿಸಿ ಸ್ಟೀಲಿನ ಮೇಲೆ ಬಿದ್ದು ಹೊಗೆಯಾಗಿ ಮೂಗಿಗೆ ಬಂತು. ಹಾಗಾದರೆ ಹೆಡರು ಸೋರಿಕೆಯನ್ನು ಹುಟ್ಟಿಸಿತೋ, ಬರೀ ಚಾಡಿ ಹೇಳಿತೋ? ಕಳಚಿಟ್ಟಿದ್ದ ಹಳೆಯ ತಗಡು ಅದೃಷ್ಟಕ್ಕೆ ಗುಜರಿಗೆ ಹೋಗಿರಲಿಲ್ಲ. ತೆಗೆದು ನೋಡಿದೆ. ಒಂದು ಮೂಲೆಯಲ್ಲಿ ಡಾಂಬರಿನಂತೆ ಗಟ್ಟಿಯಾದ ಒಂದು ಕಲೆ ಇತ್ತು. ಅಂದರೆ ಸ್ವಲ್ಪ ಮಟ್ಟಿಗೆ ಎರಡನೇ ಗ್ಯಾರೇಜಿನವರೂ ಸರಿ. ಎಣ್ಣೆಗೂ ವಯಸ್ಸು ಗೊತ್ತಾಗುತ್ತದೆ: ಹೊಸ ಸೋರಿಕೆ ಜೇನಿನ ಬಣ್ಣದ್ದು, ಒದ್ದೆ, ಹಳೆಯದು ದೂಳು ಕುಡಿದು ಕರಿಯ ಪದರವಾಗಿರುತ್ತದೆ. ಇದನ್ನು ಕಾಣಲು ಬೇಕಾದ ಸಲಕರಣೆ ಒಂದು ಟಾರ್ಚು.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಮುಂದಿನ ಮಾತು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನಡುಮನೆಯಲ್ಲಿ ಹನಿ ಬೀಳುತ್ತದೆ, ಪಾತ್ರೆ ಇಡುತ್ತೇವೆ. ಸರಿಯಾಗಿ ಅದರ ಮೇಲಿನ ಹೆಂಚು ನೋಡಿದರೆ ಗಟ್ಟಿಯಾಗಿರುತ್ತದೆ. ಒಡೆದದ್ದು ನಾಲ್ಕು ಸಾಲು ಮೇಲೆ, ಜಗಲಿಯ ಕಡೆ. ನೀರು ಪಕಾಸಿನ ಗುಂಟ ಇಳಿದು, ರೀಪಿನ ಗಂಟಿನಲ್ಲಿ ತಡೆದು, ಅಲ್ಲಿಂದ ತೊಟ್ಟಿಕ್ಕುತ್ತದೆ. ಹೆಂಚು ಏಕೆ ಒಡೆಯಿತು ಎಂಬುದು ಇನ್ನೂ ಬೇರೆ ಪ್ರಶ್ನೆ: ತೆಂಗಿನಕಾಯಿ ಬಿತ್ತೋ, ಕೋತಿ ಕುಣಿಯಿತೋ, ಪಕಾಸೇ ಕುಸಿದು ಹೆಂಚು ಜಾರಿತೋ. ಮೂರು ಪ್ರಶ್ನೆಗಳು ಇವು. ಹನಿ ಎಲ್ಲಿ ಬೀಳುತ್ತದೆ, ಎಲ್ಲಿಂದ ಹೊರಡುತ್ತದೆ, ಯಾಕೆ ಹೊರಡುತ್ತದೆ. ಹೆಂಚು ಬದಲಿಸುವವನು ಎರಡನೆಯದಕ್ಕೆ ಉತ್ತರ ಕೊಟ್ಟಿರುತ್ತಾನೆ. ಕುಸಿದ ಪಕಾಸು ಹಾಗೆಯೇ ಇದ್ದರೆ ಮುಂದಿನ ಆಷಾಢಕ್ಕೆ ಅವನಿಗೆ ಮತ್ತೆ ಕೆಲಸ ಸಿಗುತ್ತದೆ.

ಎಂಜಿನ್ನಿನಲ್ಲಿ ಗುರುತ್ವಾಕರ್ಷಣೆಯ ಜೊತೆಗೆ ಗಾಳಿಯೂ ಸೇರಿಕೊಳ್ಳುತ್ತದೆ. ಓಡುವಾಗ ರೇಡಿಯೇಟರಿನ ಕಡೆಯಿಂದ ನುಗ್ಗುವ ಗಾಳಿ ಎಣ್ಣೆಯನ್ನು ಹಿಂದಕ್ಕೆ, ತೂಕ ಅದನ್ನು ಕೆಳಕ್ಕೆ ಒಯ್ಯುತ್ತದೆ. ಹಾಗಾಗಿ ಹೆಚ್ಚಿನ ಸೋರಿಕೆಗಳು ಕೊನೆಗೆ ಹಿಂದಿನ ಕೆಳಮೂಲೆಯಲ್ಲಿ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ ಬಂದು ತೊಟ್ಟಿಕ್ಕುತ್ತವೆ. ಅಲ್ಲೇ ಒಂದು ಆಯಿಲ್ ಸೀಲ್ ಇದೆ. ಅದನ್ನು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು, ಅಂದರೆ ಎರಡು ದಿನದ ಕೂಲಿ. ಮೇಲಿನಿಂದ ಹರಿದು ಬಂದ ಎಣ್ಣೆಯ ತಪ್ಪಿಗೆ ಎಷ್ಟು ಗಾಡಿಗಳ ಗೇರ್ ಬಾಕ್ಸ್ ಇಳಿದಿದೆಯೋ! ಹುಡುಕುವವರು ಹಿಡಿಯಬೇಕಾದದ್ದು ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದನ್ನು ಮತ್ತು ಅತಿ ಮುಂದಿನದನ್ನು. ಇಡೀ ಎಂಜಿನ್ನೇ ಎಣ್ಣೆಯಲ್ಲಿ ಮಿಂದಿದ್ದರೆ ಇದು ಸಾಧ್ಯವೇ ಇಲ್ಲ. ಅದಕ್ಕೇ ಮೊದಲ ಕೆಲಸ ತೊಳೆಯುವುದು.

ಈ ಮಾತಿಗೆ ಮೊದಲ ಮೇಸ್ತ್ರಿ ನಕ್ಕರು. ಹೌದು, ಅವರ ಹತ್ತಿರವೇ ವಾಪಸು ಹೋಗಿದ್ದೆ. ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುತ್ತೇನೆ, ಏನೂ ಬದಲಿಸುವುದು ಬೇಡ, ಬರೀ ನೋಡೋಣ ಎಂದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಡಿಗ್ರೀಸರ್ ಹಚ್ಚಿ, ಕರೆಂಟಿನ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕಟ್ಟಿ ತೊಳೆದೆವು. ಒಣಗಿದ ಮೇಲೆ ಅವರ ಹುಡುಗ ಅಂಗಡಿಗೆ ಓಡಿ ಟಾಲ್ಕಂ ಪೌಡರಿನ ಡಬ್ಬಿ ತಂದ. ಶಂಕೆಯಿದ್ದ ಕೂಡುಗಳ ಮೇಲೆಲ್ಲ ಉದುರಿಸಿದೆವು. ಬಿಳಿ ಪುಡಿಯ ಮೇಲೆ ಎಣ್ಣೆ ಎಳೆಯಾಗಿ ಒಸರಿದರೆ ಕಣ್ಣಿಗೆ ಕುಕ್ಕುತ್ತದೆ. ಎಣ್ಣೆಗೆ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ಉಪಾಯವೂ ಇದೆ, ದೊಡ್ಡ ವರ್ಕ್‌ಶಾಪುಗಳಲ್ಲಿ ಮಾಡುತ್ತಾರೆ. ನಮಗೆ ಪೌಡರ್ ಸಾಕಾಯಿತು.

ಹತ್ತು ನಿಮಿಷ ಐಡಲಿನಲ್ಲಿ ಓಡಿಸಿದ್ದೇ ತಡ, ಹಿಂಬದಿಯಲ್ಲಿ ಗೇಜಿನ ಹಿತ್ತಾಳೆ ಅಡಾಪ್ಟರಿನ ಬುಡದಲ್ಲಿ ಪುಡಿ ಕಂದಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಅಡಾಪ್ಟರಿನ ಕಥೆ ನನಗೆ ಸೋರಿಕೆಗಿಂತ ರುಚಿಯೆನಿಸಿತು. ಮೇಸ್ತ್ರಿ ಅದನ್ನು ಬಿಚ್ಚಿದರು. ಮೇಲೆ ಟೆಫ್ಲಾನ್ ಟೇಪು ಮೂರು ಸುತ್ತು. ಟೇಪು ಕಿತ್ತು ನೋಡಿದರೆ ಥ್ರೆಡ್ಡಿನ ತುದಿಗಳು ಮಸುಕಾಗಿ ಜಜ್ಜಿದ್ದವು. ಕಂಪನಿ ಕೊಟ್ಟ ಮೂಲ ಸ್ವಿಚ್ಚನ್ನು ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಥರ, ಅಂಗಡಿಯವನ ಬಾಯಲ್ಲಿ ಎರಡೂ 'ಒನ್ ಬೈ ಏಟ್'. ಥ್ರೆಡ್ ಗೇಜಿನ ಹಲ್ಲು ಕೂರಿಸಿದಾಗ ಗೊತ್ತಾಯಿತು: ಒಂದರಲ್ಲಿ ಇಂಚಿಗೆ 28 ಎಳೆ, ಇನ್ನೊಂದರಲ್ಲಿ 27.

ಇಂಚಿಗೆ ಒಂದೇ ಎಳೆಯ ವ್ಯತ್ಯಾಸ. ಇದರ ಹಿಂದೆ ಇಬ್ಬರು ಎಂಜಿನಿಯರುಗಳಿದ್ದಾರೆ. 1841ರಲ್ಲಿ ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನು ದೇಶಕ್ಕೆಲ್ಲ ಒಂದೇ ಅಳತೆಯಾಗಿ ಮುಂದಿಟ್ಟ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್, ಮಾಡುವುದೂ ಅಳೆಯುವುದೂ ಸುಲಭವೆಂದು 60 ಡಿಗ್ರಿಯದನ್ನು ಅಮೆರಿಕಕ್ಕೆ ಸೂಚಿಸಿದ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದ ಎರಡು ಸೇನೆಗಳ ಬೋಲ್ಟುಗಳು ಒಂದಕ್ಕೊಂದು ಕೂಡದೆ ಪಟ್ಟ ಪಾಡಿನ ನಂತರ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಬೋಲ್ಟಿನ ಜಗಳ ಮುಗಿಸಿದವು. ಪೈಪಿನ ಥ್ರೆಡ್ಡಿನ ಜಗಳ ಮಾತ್ರ ಹಾಗೆಯೇ ಉಳಿಯಿತು. ಅಮೆರಿಕ 60 ಡಿಗ್ರಿಯ ತನ್ನ ದಾರಿ ಹಿಡಿದು ಹೋಯಿತು. ಜಪಾನ್ ಬ್ರಿಟಿಷ್ ಪೈಪ್ ಥ್ರೆಡ್ಡನ್ನೇ ಇಟ್ಟುಕೊಂಡಿತು. ನಾವೂ ಅಷ್ಟೆ, ನಮ್ಮ ಮನೆಯ ನಲ್ಲಿಗಳೆಲ್ಲ ಆ ಕುಲದವೇ. ನನ್ನ ಗೇಜಿನ ಕಿಟ್ಟು ಅಮೆರಿಕದ ಅಳತೆಗೆ ಮಾಡಿದ್ದು. ಜಪಾನಿ ಎಂಜಿನ್ನಿನ ಅಲ್ಯೂಮಿನಿಯಂಗೆ ಅದನ್ನು ತಿರುಗಿಸಿದಾಗ ಮೊದಲ ಎರಡು ಮೂರು ಸುತ್ತು ನಂಟರಂತೆ ಒಳಗೆ ಹೋಗಿ, ಆಮೇಲೆ ಬಿಗಿಯಾಯಿತು. ಹಾಕಿದವನ ಕೈಗೆ ಆ ಬಿಗಿ 'ಸರಿಯಾಗಿ ಕೂತಿದೆ' ಎಂದು ತೋರಿತು. ವಾಸ್ತವದಲ್ಲಿ ಎರಡು ಕೋನಗಳ ನಡುವೆ ಸುರುಳಿಯಾದ ಒಂದು ಓಣಿ ಉಳಿದಿತ್ತು, ಟೇಪು ಅದನ್ನು ಹನ್ನೊಂದು ದಿನ ಮುಚ್ಚಿತ್ತು. ಆಯಿಲ್ ಪಂಪಿನ ನಂತರದ ಜಾಗವದು. ಎಂಜಿನ್ ಓಡುವಾಗ ಅಲ್ಲಿ ಮೂರು ನಾಲ್ಕು ಬಾರ್ ಒತ್ತಡ, ಲಾರಿಯ ಟೈರಿನಲ್ಲಿ ಏಳೆಂಟು ಇರುತ್ತದಲ್ಲ, ಸರಿಸುಮಾರು ಅದರ ಅರ್ಧ. ಇನ್ನೂ ಬಿಗಿ ಮಾಡಿದ್ದರೆ ಎರಕವೇ ಬಿರುಕು ಬಿಡುತ್ತಿತ್ತು.

ಪರಿಹಾರ ಬೀದಿಯ ಕೊನೆಯಲ್ಲಿತ್ತು. ಲೇತ್ ಇಟ್ಟುಕೊಂಡ ಟರ್ನರ್ ಒಬ್ಬರು ಮೂಲ ಸ್ವಿಚ್ಚನ್ನು ನೋಡಿ, 28ರ ಥ್ರೆಡ್ಡಿಟ್ಟು ಹಿತ್ತಾಳೆಯಲ್ಲಿ ಹೊಸ ಅಡಾಪ್ಟರು ಮಾಡಿಕೊಟ್ಟರು. ದೊಡ್ಡ ಕಲೆ ನಿಂತಿತು.

ಸಣ್ಣದು ನಿಲ್ಲಲಿಲ್ಲ. ವಾಸನೆಯೂ ಹೋಗಲಿಲ್ಲ.

ಸಾಮಾನ್ಯವಾಗಿ ವ್ಯವಹಾರ ಕೆಡುವುದು ಈ ಹಂತದಲ್ಲಿ. ಒಂದು ತಪ್ಪು ಸಿಕ್ಕಿತು, ಸರಿಪಡಿಸಿದೆವು, ಸೋರಿಕೆ ಕಡಿಮೆಯಾಯಿತು. ಉಳಿದದ್ದಕ್ಕೆ 'ಹಳೇ ಗಾಡಿ' ಎಂಬ ಉತ್ತರ ಸಿದ್ಧವಾಗಿಯೇ ಇದೆ. ಒಂದು ಫಲಕ್ಕೆ ಒಂದೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂದರೆ, ಮೊದಲನೆಯದು ಸಿಕ್ಕ ಕೂಡಲೇ ಎರಡನೆಯದಕ್ಕೆ ಕುರುಡಾಗುತ್ತೇವೆ. ರಟ್ಟಿನ ಮೇಲೆ ಮೊದಲ ದಿನವೇ ಎರಡು ಕಲೆಗಳಿದ್ದವು!

ಪೌಡರ್ ಮತ್ತೆ ಹಾಕಿದೆವು. ಅರ್ಧ ಗಂಟೆ ಐಡಲ್ ಓಡಿಸಿದರೂ ಬಿಳಿ ಬಿಳಿಯಾಗಿಯೇ ಉಳಿಯಿತು. ಮನೆಗೆ ಓಡಿಸಿಕೊಂಡು ಹೋಗಿ ನೋಡಿದರೆ ಟ್ಯಾಪೆಟ್ ಕವರಿನ ಮುಂದಿನ ಅಂಚು ಒದ್ದೆ, ಡಿಪ್‌ಸ್ಟಿಕ್ ಒಂದು ಬೆರಳು ಮೇಲೆದ್ದಿದೆ. ಟ್ಯಾಪೆಟ್ ಕವರಿನ ಒಳಗೆ ಪಂಪಿನ ಒತ್ತಡ ಇರುವುದಿಲ್ಲ. ಅಲ್ಲಿನ ಗ್ಯಾಸ್ಕೆಟ್ಟಿಗೆ ಬರೀ ಎರಚಲು ತಡೆಯುವ ಕೆಲಸ, ಕಿಟಕಿಯ ಮೇಲಿನ ಸಜ್ಜಾದ ಹಾಗೆ. ಅಂಥ ಕಡೆಯಿಂದ ಎಣ್ಣೆ ಹೊರಬರುತ್ತಿದ್ದರೆ, ಡಿಪ್‌ಸ್ಟಿಕ್ ತಾನಾಗಿ ಏಳುತ್ತಿದ್ದರೆ, ಒಳಗಿನಿಂದ ಯಾವುದೋ ತಳ್ಳುತ್ತಿದೆ.

ಮೇಸ್ತ್ರಿಗೂ ಅನುಮಾನ ಬಂತು. ಆಯಿಲ್ ತುಂಬುವ ಮುಚ್ಚಳ ತೆಗೆದು ಅದರ ಬಾಯಿಗೆ ಡಾಕ್ಟರುಗಳ ರಬ್ಬರ್ ಕೈಗವಸು ಕಟ್ಟಿ ಎಂಜಿನ್ ಚಾಲೂ ಮಾಡಿದರು. ಒಳಗೆ ಒತ್ತಡವಿದ್ದರೆ ಕೈಗವಸು ಉಬ್ಬಬೇಕು. ಅದು ಒಳಕ್ಕೆ ಹೀರಿಕೊಂಡು ಬಟ್ಟಲಿನಂತಾಯಿತು. "ನೋಡಿ ಸಾರ್, ಎಳೀತಾ ಇದೆ. ಪ್ರೆಶರ್ ಇಲ್ಲ, ರಿಂಗೂ ಚೆನ್ನಾಗಿದೆ. ಗ್ಯಾಸ್ಕೆಟ್ಟೇ ಹೋಗಿರೋದು."

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯ ಎಂದರು, ನಮ್ಮ ಅಜ್ಜಿಯರು ಹೆಸರಿಡದೆ ಮಾಡಿದರು. ಆದರೆ ಒಂದು ಅಗುಳು ಇಡೀ ಪಾತ್ರೆಯ ಪರವಾಗಿ ಮಾತಾಡಬೇಕಾದರೆ ಪಾತ್ರೆಯೆಲ್ಲ ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಕುದಿಯುತ್ತಿರಬೇಕು. ಎಂಜಿನ್ ಅಂಥ ಪಾತ್ರೆಯಲ್ಲ. ಐಡಲಿನಲ್ಲಿರುವ ಎಂಜಿನ್ ಮತ್ತು ಏರು ಹತ್ತುವ ಎಂಜಿನ್, ಒಳಗಿನ ಗಾಳಿಯ ಲೆಕ್ಕದಲ್ಲಿ, ಎರಡು ಬೇರೆ ಯಂತ್ರಗಳು. ನಾವು ಹಿಚುಕಿದ ಅಗುಳು ಸೋರದ ಪಾತ್ರೆಯದು.

ಇದು ಯಾಕೆ ಹೀಗೆ ಎಂದು ತಿಳಿಯಲು ಎಂಜಿನ್ ಹೇಗೆ ಉಸಿರಾಡುತ್ತದೆ ಎಂದು ನೋಡಬೇಕು. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳಿಯೇ ನುಸುಳುತ್ತದೆ, ಹೊಸ ಎಂಜಿನ್ನಿನಲ್ಲೂ. ಅದಕ್ಕೆ ಹೊರದಾರಿ ಬೇಕು. ಹಿಂದಿನ ಕಾಲದಲ್ಲಿ ಒಂದು ಕೊಳವೆ ಇಳಿಬಿಟ್ಟು ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲಿಸ್ ನಗರದ ಕಣ್ಣುರಿಯ ಹೊಗೆಮಂಜಿಗೆ ವಾಹನಗಳೂ ಕಾರಣವೆಂದು ಆರೀ ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲಾಗಿ ಈ ಅನಿಲವನ್ನು ಮತ್ತೆ ಎಂಜಿನ್ನೇ ಕುಡಿಯುವಂತೆ ಮಾಡಿದರು. ಅದಕ್ಕೆ ಎರಡು ಹೋಸುಗಳಿವೆ. ಒಂದು ಪಿಸಿವಿ ವಾಲ್ವಿನ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಇನ್ನೊಂದು, ಬ್ರೀದರ್, ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿನ ಪೈಪಿಗೆ. ಐಡಲಿನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಮ್ಯಾನಿಫೋಲ್ಡಿನ ಸೆಳೆತ ಜೋರು; ಮೊದಲ ಹೋಸು ಅನಿಲವನ್ನು ಹೀರುತ್ತದೆ, ಬ್ರೀದರಿನಲ್ಲಿ ಹೊಸ ಗಾಳಿ ಒಳಬರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಲೆಕ್ಕ ತಿರುಗುಮುರುಗು. ಮ್ಯಾನಿಫೋಲ್ಡಿನಲ್ಲಿ ಸೆಳೆತವೇ ಇರುವುದಿಲ್ಲ, ಆದರೆ ನುಸುಳುವ ಅನಿಲ ಆಗಲೇ ಅತಿ ಹೆಚ್ಚು. ಆಗ ಬ್ರೀದರ್ ಹಿಮ್ಮುಖವಾಗಿ ಕೆಲಸ ಮಾಡಿ ಹೆಚ್ಚುವರಿಯನ್ನು ಹೊರಗೊಯ್ಯುತ್ತದೆ.

ನನ್ನ ಹೊಸ ಅಲ್ಯೂಮಿನಿಯಂ ಪೈಪಿಗೆ ಬ್ರೀದರ್ ಸಿಕ್ಕಿಸುವ ಮೂತಿಯೇ ಇರಲಿಲ್ಲ. ಹಾಕಿದವನು ಹೋಸಿನ ಬಾಯಿಗೆ ಒಂದು ಬೋಲ್ಟ್ ತುರುಕಿ, ಕ್ಲಿಪ್ ಬಿಗಿದು, ಅಂದವಾಗಿ ಮಡಚಿ ಬ್ಯಾಟರಿಯ ಹಿಂದೆ ಸಿಕ್ಕಿಸಿದ್ದ. ತುಂಬ ಅಚ್ಚುಕಟ್ಟಾದ ಕೆಲಸ. ಕೈಗವಸು ಯಾಕೆ ಅಷ್ಟು ಜೋರಾಗಿ ಒಳಸೇರಿತು ಎಂದು ನಾನು ಆವತ್ತೇ ಕೇಳಬೇಕಿತ್ತು. ಹೊಸ ಗಾಳಿ ಬರುವ ದಾರಿ ಕಟ್ಟಿದ್ದಕ್ಕೇ ಸೆಳೆತ ಅತಿಯಾಗಿತ್ತು. ನಾವು 'ಎಳೆಯುತ್ತಿದೆ' ಎಂದು ನೋಡಿದೆವು, 'ಎಷ್ಟು' ಎಂದು ನೋಡಲಿಲ್ಲ.

ಬೋಲ್ಟು ಕಂಡ ಕೂಡಲೇ ಮೇಸ್ತ್ರಿ ಕಿತ್ತೆಸೆಯಲು ಕೈ ಹಾಕಿದರು. ತಡೆದೆ. ಕಂಡ ಅಪರಾಧಿ ಮಾಡಿದ ಅಪರಾಧಿಯೇ ಎಂದು ಇನ್ನೂ ಸಾಬೀತಾಗಿರಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ತಂದು, ಒಂದು ತುದಿಯನ್ನು ಡಿಪ್‌ಸ್ಟಿಕ್ಕಿನ ಕೊಳವೆಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದನ್ನು ಕಿಟಕಿಯ ಮೂಲಕ ಒಳತಂದು ಯು ಆಕಾರದಲ್ಲಿ ರಟ್ಟಿಗೆ ಕಟ್ಟಿ ನೀರು ತುಂಬಿದೆವು. ಐಡಲಿನ ಸೆಳೆತಕ್ಕೆ ಎಂಜಿನ್ ನೀರು ಕುಡಿಯದಂತೆ ಪೈಪನ್ನು ಒಂದು ಕ್ಲಿಪ್ಪಿನಿಂದ ಹಿಸುಕಿಟ್ಟೆವು. ವಾರದ ನಡುವಿನ ಒಂದು ಮಧ್ಯಾಹ್ನ, ಭಾನುವಾರದ ಜಾತ್ರೆ ಇಲ್ಲದ ಹೊತ್ತು ನೋಡಿ ನಂದಿಬೆಟ್ಟಕ್ಕೆ ಹೋದೆವು. ನಾನು ಸ್ಟಿಯರಿಂಗಿನಲ್ಲಿ, ಹುಡುಗ ಪಕ್ಕದಲ್ಲಿ ರಟ್ಟು ಹಿಡಿದು. ಎರಡನೇ ಗೇರಿನಲ್ಲಿ ಏರು ತುಳಿದಾಗ ಅವನು ಕ್ಲಿಪ್ ಬಿಟ್ಟ. ನೀರು ಒಂದು ಗೇಣಿಗೂ ಮೇಲೆ ನುಗ್ಗಿತು. "ಅಣ್ಣಾ, ಹೊರಗ್ ಚೆಲ್ತಾ ಇದೆ!"

ಕೆಳಗೆ ಬಂದು ಬೋಲ್ಟ್ ತೆಗೆದು ಬ್ರೀದರಿನ ಬಾಯಿ ತೆರೆದಿಟ್ಟು ಅದೇ ಏರನ್ನು ಮತ್ತೆ ಹತ್ತಿದೆವು. ಎರಡು ಬೆರಳೂ ಏರಲಿಲ್ಲ. ಒರೆಸಿದ ಟ್ಯಾಪೆಟ್ ಕವರಿನ ಅಂಚು ಒಣಗಿಯೇ ಇತ್ತು. ಆಮೇಲೆ ನಾನು ಬೋಲ್ಟನ್ನು ಮತ್ತೆ ಹಾಕಿದೆ. ಹುಡುಗ ನನ್ನ ಮುಖ ನೋಡಿದ. ಮೂರನೇ ಸಲ ಹತ್ತಿ ಇಳಿದಾಗ ಅಂಚು ಒದ್ದೆಯಾಗಿತ್ತು. ಅನ್ವಯ-ವ್ಯತಿರೇಕ ಎಂದರೆ ಇಷ್ಟೆ: ಇದ್ದಾಗ ಇರಬೇಕು, ಇಲ್ಲದಾಗ ಇರಬಾರದು. ವಾಪಸು ಬಂದು ಹೇಳಿದಾಗ ಮೇಸ್ತ್ರಿ ಅಂದದ್ದು, "ಒಣಗಿದ ಗಾಯ ಯಾರಾದ್ರೂ ಕೆರ್ಕೋತಾರಾ ಸಾರ್?" ಕೆರೆದುಕೊಂಡಿದ್ದಕ್ಕೇ ಗಾಯ ಯಾವುದೆಂದು ತಿಳಿಯಿತು.

ಅಲ್ಯೂಮಿನಿಯಂ ಪೈಪಿಗೆ ಒಂದು ಮೂತಿ ವೆಲ್ಡ್ ಮಾಡಿಸಿ ಬ್ರೀದರನ್ನು ಅದರ ಜಾಗಕ್ಕೆ ಸೇರಿಸಿದೆವು. ಹೊಸ ಗ್ಯಾಸ್ಕೆಟ್ ಹಾಕಲಿಲ್ಲ. ಹಾಕಿದ್ದರೆ? ಗ್ಯಾಸ್ಕೆಟ್ ಹೊಸದು, ಕೆಲವು ವಾರ ತಡೆಯುತ್ತಿತ್ತು. ಅಷ್ಟರಲ್ಲಿ ಅದೇ ಒತ್ತಡ ಅದಕ್ಕಿಂತ ದುರ್ಬಲವಾದ ಇನ್ನೊಂದು ಸೀಲನ್ನು ಹುಡುಕಿಕೊಳ್ಳುತ್ತಿತ್ತು. ಆಗ 'ಒಂದು ಸರಿ ಮಾಡಿದರೆ ಇನ್ನೊಂದು ಹೋಗುತ್ತೆ, ಹಳೇ ಗಾಡಿ ಹಣೆಬರಹ' ಎಂಬ ಗಾದೆ ಮತ್ತೊಮ್ಮೆ ನಿಜವಾಗುತ್ತಿತ್ತು. ಹಣೆಬರಹದ ಮಾತು ಎಂಜಿನಿಯರಿಂಗಿಗೆ ಒಪ್ಪುವುದಿಲ್ಲ. ಬ್ರಿಟಿಷ್ ಮೋಟಾರ್ ಸೈಕಲ್ಲುಗಳು ಆಯಿಲ್ ಚೆಲ್ಲುವುದನ್ನು ಒಂದು ತಲೆಮಾರು ಅವುಗಳ ಜನ್ಮಗುಣವೆಂದೇ ನಂಬಿತ್ತು. ಅವುಗಳಲ್ಲಿ ಹೆಚ್ಚಿನವುಗಳ ಕ್ರ್ಯಾಂಕ್‌ಕೇಸಿನ ಕೂಡು ಮೇಲಿನಿಂದ ಕೆಳಕ್ಕೆ ಸೀಳಿದಂತೆ ಎಣ್ಣೆಯ ಮಡುವನ್ನೇ ದಾಟುತ್ತಿತ್ತು. 1969ರಲ್ಲಿ ಬಂದ ಹೋಂಡಾ ಸಿಬಿ750ರಲ್ಲಿ ಕೂಡು ಅಡ್ಡಡ್ಡ, ಎಣ್ಣೆಯ ಮಟ್ಟಕ್ಕಿಂತ ಮೇಲೆ. ಆಮೇಲೆ ಜನ್ಮಗುಣದ ಮಾತು ಕಡಿಮೆಯಾಯಿತು.

ಗಾಡಿ ಮಾರ್ಪಡಿಸುವ ಹುಡುಗರ ನಡುವೆ ಇನ್ನೊಂದು ನಂಬಿಕೆ ಇದೆ: ಈ ಹೋಸುಗಳೆಲ್ಲ ಸರ್ಕಾರದ ಹೊಗೆ ತಪಾಸಣೆಗಾಗಿ ಇರುವವು, ತೆಗೆದರೆ ಎಂಜಿನ್ ಹಗುರಾಗಿ ಓಡುತ್ತದೆ. ಹೊಗೆಗಾಗಿ ಬಂದದ್ದು ನಿಜ. ಆದರೆ ಬಂದ ಮೇಲೆ ಎಂಜಿನ್ನಿನ ಎಲ್ಲ ಸೀಲುಗಳೂ ಅದರ ಭರವಸೆಯ ಮೇಲೆ ಕೂತಿವೆ. ನಾನು ಫಿಲ್ಟರ್ ಡಬ್ಬಿ ತೆಗೆಸಿದಾಗ ಬರೀ ಡಬ್ಬಿ ತೆಗೆಸಿದೆ ಎಂದುಕೊಂಡೆ. ಅದು ಮೂರು ಕೆಲಸ ಮಾಡುತ್ತಿತ್ತು, ನನಗೆ ಒಂದರ ಹೆಸರು ಮಾತ್ರ ಗೊತ್ತಿತ್ತು.

ಈಗ ಎದುರು ವಾದಕ್ಕೆ ಬರುತ್ತೇನೆ, ಅದರಲ್ಲಿ ತಿರುಳಿದೆ. ಮೇಸ್ತ್ರಿ ಒಮ್ಮೆ ಟೀ ಕುಡಿಯುತ್ತಾ ಹೇಳಿದರು: ನಿಮ್ಮ ಹಾಗೆ ಮೂರು ದಿನ ಗಾಡಿ ಬಿಟ್ಟು ಹೋಗುವವರು ಎಷ್ಟು ಜನ? ಸಂಜೆಗೆ ಗಾಡಿ ಬೇಕು ಎನ್ನುವವರಿಗೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಬದಲಿಸಿ ಕಳಿಸುವುದೇ ಧರ್ಮ. ಗ್ಯಾಸ್ಕೆಟ್ಟು ಅಗ್ಗ, ಹುಡುಕುವ ಸಮಯ ದುಬಾರಿ. ಹೇಗೂ ಬಿಚ್ಚಿದ ಮೇಲೆ ಪಕ್ಕದ ಮೂರು ಸೀಲನ್ನೂ ಬದಲಿಸಿದರೆ ಗಿರಾಕಿಗೇ ಲಾಭ. ಇದನ್ನು ನಾನು ಒಪ್ಪುತ್ತೇನೆ, ಒಂದು ಗೆರೆ ಎಳೆದು. ಏನನ್ನೂ ಮುಟ್ಟದ ಹಳೆಯ ಗಾಡಿ ನಿಧಾನವಾಗಿ ಒಸರತೊಡಗಿದರೆ ರಬ್ಬರನ್ನು ಶಂಕಿಸಿ ಒಟ್ಟಿಗೆ ಬದಲಿಸುವುದು ಜಾಣತನ. ಅಲ್ಲಿ ಕಾರಣ ವಯಸ್ಸೇ, ಮತ್ತು ವಯಸ್ಸು ಎಲ್ಲ ಸೀಲುಗಳಿಗೂ ಒಟ್ಟಿಗೇ ಆಗಿದೆ. ಆದರೆ ಮನುಷ್ಯನ ಕೈ ಆಡಿದ ಮೇಲೆ ಹೊಸದಾಗಿ ಬಂದ ಸೋರಿಕೆ ಬೇರೆ ಜಾತಿಯದು. ಅಲ್ಲಿ ಎಲ್ಲವನ್ನೂ ಬದಲಿಸುವುದೆಂದರೆ ಸಾಕ್ಷಿಗಳನ್ನೆಲ್ಲ ಊರುಬಿಡಿಸಿದ ಹಾಗೆ. ಅದಕ್ಕಿಂತ ಕೆಟ್ಟದ್ದು ಹೊರಗಿನಿಂದ ಸಿಲಿಕೋನ್ ಅಂಟು ಮೆತ್ತುವುದು. ಅದು ಸೋರಿಕೆಯನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಅದು ಎಲ್ಲಿಂದ ಹೊರಟಿತು ಎಂಬ ಗುರುತನ್ನು ಅಳಿಸುತ್ತದೆ. ಒಳಗೆ ಉದುರಿದ ಅಂಟಿನ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂತರೆ, ಅದು ಬೇರೆಯೇ ಕಥೆ.

ಭಾಗ ಹಾಕಿದವನನ್ನು ಕೇಳಬಹುದಿತ್ತಲ್ಲ ಎನ್ನಬಹುದು. ಕೇಳಿದೆ. "ನಾವು ಹಾಕುವಾಗ ಸರಿ ಇತ್ತು" ಎಂದ. ಬಿಲ್ಲಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡನ್ನು ಬಿಗಿಯಾಗಿ ಕಟ್ಟಿಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಮಾರ್ಪಾಡು ನಿಂತಿಲ್ಲ, ಬಿಲ್ಲು ನಿಂತಿದೆ. ಹೊಣೆ ಹೊತ್ತು ಕೆಲಸ ಮಾಡಬಲ್ಲ ವರ್ಕ್‌ಶಾಪುಗಳು ಇದನ್ನು ಮುಟ್ಟುವುದಿಲ್ಲ, ಮುಟ್ಟುವವರು ಹೊಣೆ ಹೊರುವುದಿಲ್ಲ. 27ಕ್ಕೂ 28ಕ್ಕೂ ಇರುವ ವ್ಯತ್ಯಾಸವನ್ನು ಕಲಿಸುವವರು ಯಾರು? ನಾನು ಕಾನೂನಿನ ಅಂಚಿನಲ್ಲಿ ನಿಂತು ಮಾಡಿಸಿದ ಕೆಲಸಕ್ಕೆ ಕಾನೂನಿನ ಮಧ್ಯದಲ್ಲಿ ಸಿಗುವ ಭದ್ರತೆ ಕೇಳುವಂತಿರಲಿಲ್ಲ.

ಗೇರ್ ಬಾಕ್ಸಿನ ಹತ್ತಿರದ ಆ ಹಿಂದಿನ ಸೀಲು ಈಗಲೂ ಒಸರುತ್ತದೆ, ವಾರಕ್ಕೊಂದು ಹನಿ. ಅದು ಹಳೆಯ ಸೋರಿಕೆ. ಎಲ್ಲಿಂದ, ಯಾಕೆ, ಎಷ್ಟು ಎಂದು ಗೊತ್ತಿದೆ. ಕ್ಲಚ್ ಬದಲಿಸುವಾಗ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೇವೆ.

ಕೊನೆಯ ದಿನ ಲೆಕ್ಕ ಮಾಡಿದೆವು. ಟರ್ನರಿಗೆ ಕೊಟ್ಟದ್ದು, ವೆಲ್ಡಿಂಗಿಗೆ ಕೊಟ್ಟದ್ದು, ಪೌಡರ್ ಡಬ್ಬಿ, ಮಟ್ಟದ ಪೈಪು. ಉಳಿದದ್ದೆಲ್ಲ ಗಂಟೆಗಳು. ನೋಡಿದ್ದಕ್ಕೆ ಅಂತಲೇ ಬಿಲ್ ಬರೆಯಿರಿ ಎಂದೆ. ಮೇಸ್ತ್ರಿ ಬಿಲ್ ಪುಸ್ತಕ ತೆರೆದು ಪೆನ್ನು ಹಿಡಿದು ತುಸು ಹೊತ್ತು ಕೂತರು. ಅಚ್ಚಾದ ಹಾಳೆಯಲ್ಲಿ ಎರಡೇ ಅಂಕಣ, ಬಿಡಿಭಾಗ ಮತ್ತು ಲೇಬರ್. ಲೇಬರಿನ ಎದುರು ಯಾವ ಭಾಗದ ಲೇಬರ್ ಎಂದು ಬರೆಯಬೇಕು. "ನೋಡಿದ್ದು ಅಂತ ಬರೆದ್ರೆ ಯಾರಾದ್ರೂ ನಗ್ತಾರೆ ಸಾರ್" ಎಂದು, ಬದಲಿಸದೇ ಇದ್ದ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟಿನ ಹೆಸರು ಬರೆದು, ಅದರ ಮುಂದೆ ಪೂರಾ ಮೊತ್ತ ಹಾಕಿ ಸಹಿ ಮಾಡಿಕೊಟ್ಟರು.